ಎಡಹೆಗಲಿಗೆ ಹಾಲು, ಬಲಹೆಗಲಿಗೆ ಪುಸ್ತಕ

ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷ ಇದೆ. ಹಾಲಿನ ಡಿಪೋ ಮುಂದೆ ವ್ಯಾನು ಬಂದು ನಿಂತಿದೆ. ಕ್ರೇಟುಗಳು ಒಂದರ ಮೇಲೊಂದು ಧಡಧಡ ಇಳಿಯುತ್ತಿವೆ. ಒಡೆದ ಪ್ಯಾಕೆಟ್ಟಿನಿಂದ ಸೋರಿದ ಹಾಲನ್ನು ಎರಡು ಬೆಕ್ಕುಗಳು ನೆಕ್ಕುತ್ತಿವೆ, ಓಡಿಸಲು ಯಾರಿಗೂ ಪುರುಸೊತ್ತಿಲ್ಲ. ಈ ಗದ್ದಲದ ನಡುವೆ ನಲವತ್ತೆಂಟರ ಹೆಂಗಸೊಬ್ಬರು ಪ್ರತಿ ಪ್ಯಾಕೆಟ್ಟಿನ ಮೂಲೆಯನ್ನೂ ಹೆಬ್ಬೆರಳಿನಿಂದ ಒತ್ತಿ ನೋಡಿ ತಮ್ಮ ತಳ್ಳುಗಾಡಿಗೆ ಹಾಕಿಕೊಳ್ಳುತ್ತಿದ್ದಾರೆ. ಸೊಂಟಕ್ಕೆ ಎರಡು ಟವೆಲು ಸಿಕ್ಕಿಸಿದ್ದಾರೆ. ಒಂದು ಹಾಲಿನ ಕೈ ಒರೆಸಿಕೊಳ್ಳಲು. ಇನ್ನೊಂದು ಪೂರ್ತಿ ಒಣಗಿದ್ದು, ಅದನ್ನು ಯಾರೂ ಮುಟ್ಟುವಂತಿಲ್ಲ. ಅದು ಪುಸ್ತಕ ಮುಟ್ಟುವ ಮುಂಚೆ ಬೆರಳು ಒಣಗಿಸಿಕೊಳ್ಳಲು.

ಈ ಬಡಾವಣೆಯ ಮಟ್ಟಿಗೆ ಅವರು ‘ಹಾಲಿನಕ್ಕ’. ಚಿಕ್ಕವರಿಗೂ ಅಕ್ಕ, ಎಂಬತ್ತು ದಾಟಿದವರಿಗೂ ಅಕ್ಕ. ಗಾಡಿ ಮೊದಲ ಕಟ್ಟಡದ ಮುಂದೆ ನಿಲ್ಲುತ್ತಲೇ ಅಕ್ಕ ಎಡಹೆಗಲಿಗೆ ಹಾಲಿನ ಚೀಲ ಏರಿಸುತ್ತಾರೆ, ಬಲಹೆಗಲಿಗೆ ದಪ್ಪ ಬಟ್ಟೆಯ ಇನ್ನೊಂದು ಚೀಲ. ಅದರಲ್ಲಿ ಹದಿನಾಲ್ಕು ಪುಸ್ತಕಗಳಿವೆ. ಎಲ್ಲವೂ ಕ್ರೈಸ್ತ ಪುಸ್ತಕಗಳು. ದಿನಕ್ಕೊಂದು ಪುಟದ ಧ್ಯಾನದ ಪುಸ್ತಕ, ಕಷ್ಟದಲ್ಲಿ ನಂಬಿಕೆ ಬಿಡದವರ ಜೀವನಕಥೆ, ಮಕ್ಕಳ ಕಥೆ, ಮನೆಮಂದಿಯೆಲ್ಲ ಕೂತು ಓದುವಂಥ ಕಾದಂಬರಿ. ಲಿಫ್ಟಿಲ್ಲದ ಆರು ಕಟ್ಟಡ, ಒಂದೊಂದಕ್ಕೂ ನಾಲ್ಕು ಮಹಡಿ, ಮಹಡಿಗೆ ಹದಿನೆಂಟು ಮೆಟ್ಟಿಲು. ದಿನಕ್ಕೆ ನಾನೂರ ಮೂವತ್ತೆರಡು. “ಅದು ಹತ್ತೋ ಲೆಕ್ಕ ಮಾತ್ರ. ಇಳಿಯೋದನ್ನ ನಾನು ಲೆಕ್ಕಕ್ಕೇ ಹಿಡಿಯಲ್ಲ. ಇಳಿಯೋವಾಗ ಚೀಲ ಹಗುರ ಇರುತ್ತಲ್ಲ,” ಎನ್ನುತ್ತಾ ಅಕ್ಕ ಆಗಲೇ ಎರಡನೇ ಮಹಡಿಯಲ್ಲಿದ್ದಾರೆ.

ಹಾಲು ನೂರ ನಾಲ್ಕು ಮನೆಗೆ. ಪುಸ್ತಕ ಅಷ್ಟಕ್ಕೂ ಇಲ್ಲ, ಐವತ್ತೆಂಟು ಮನೆಗೆ ಮಾತ್ರ. ಓದಿ ಮುಗಿಸಿದವರು ಪುಸ್ತಕವನ್ನು ಬಟ್ಟೆಯ ಸಂಚಿಯಲ್ಲಿಟ್ಟು ಬಾಗಿಲ ಚಿಲಕಕ್ಕೆ ನೇತುಹಾಕಿರುತ್ತಾರೆ. ಅಕ್ಕ ಅದನ್ನು ತೆಗೆದು ಬೇರೊಂದನ್ನು ಇಡುತ್ತಾರೆ. ಸಂಚಿ ಇಲ್ಲದ ಬಾಗಿಲಿಗೆ ಹಾಲಷ್ಟೇ. ಇದರಲ್ಲಿ ಅಕ್ಕ ಬಲು ಕಟ್ಟುನಿಟ್ಟು. “ಕೇಳದೇ ಇರೋರ ಮನೆಗೆ ಒಂದು ಹಾಳೇನೂ ಕೊಟ್ಟಿಲ್ಲ. ಅವರವರ ನಂಬಿಕೆ ಅವರವರಿಗೆ. ಹಸಿವಿಲ್ಲದೋರ ಬಾಯಿಗೆ ತುರುಕೋಕಾಗುತ್ತಾ? ಆದ್ರೆ ಕೇಳಿದೋರಿಗೆ ಇಲ್ಲ ಅನ್ನೋಕೆ ಯಾರಿಗೂ ಹಕ್ಕಿಲ್ಲ. ಅಲ್ಲೇ ನಂಗೂ ಬೇರೆಯೋರಿಗೂ ಜಟಾಪಟಿ.”

ಆ ಜಟಾಪಟಿಯ ಕಥೆ ಕೇಳಬೇಕಾದರೆ ಹನ್ನೊಂದು ವರ್ಷ ಹಿಂದಕ್ಕೆ ಹೋಗಬೇಕು.

ಅಕ್ಕನ ಯಜಮಾನರು ಗೋದಾಮಿನಲ್ಲಿ ಮೂಟೆ ಹೊರುವ ಕೆಲಸದಲ್ಲಿದ್ದರು. ಅಕ್ಕ ಆಗ ಎರಡೇ ಕಟ್ಟಡಕ್ಕೆ ಹಾಲು ಹಾಕುತ್ತಿದ್ದರು. ಮಗಳಿಗೆ ಆರು ವರ್ಷ. ಒಂದು ಮಧ್ಯಾಹ್ನ ಪೇರಿಸಿಟ್ಟ ಮೂಟೆಗಳು ಕುಸಿದು ಯಜಮಾನರ ಬೆನ್ನ ಮೇಲೆ ಬಿದ್ದವು. ಜೀವ ಉಳಿಯಿತು, ಬೆನ್ನುಮೂಳೆ ಮಾತ್ರ ಮಾತು ಕೇಳಲಿಲ್ಲ. ಹದಿನಾಲ್ಕು ತಿಂಗಳು ಅವರು ಹಾಸಿಗೆ ಬಿಟ್ಟು ಏಳಲಿಲ್ಲ. ಮೊದಲ ಎರಡು ವಾರ ಚರ್ಚಿನವರು ಗುಂಪುಗುಂಪಾಗಿ ಬಂದರು, ಪ್ರಾರ್ಥನೆ ಮಾಡಿದರು, ನಂಬಿಕೆಯಿಂದಿರಿ ಎಂದರು. ಆಮೇಲೆ ಒಬ್ಬೊಬ್ಬರಾಗಿ ಕಡಿಮೆಯಾದರು. ಮೂರನೇ ತಿಂಗಳಿಗೆ ಯಜಮಾನರು ಗೋಡೆ ಕಡೆ ಮುಖ ಮಾಡಿ ಮಲಗಿದವರು, ಊಟಕ್ಕೆ ಕರೆದರೂ ಈಚೆ ತಿರುಗುತ್ತಿರಲಿಲ್ಲ.

“ಬಯ್ದಿದ್ರೆ ತಡ್ಕೋಬಹುದಿತ್ತು. ಬಯ್ಯಲೂ ಇಲ್ಲ ಈ ಮನುಷ್ಯ. ಗೋಡೆ ಜತೆ ಸಂಸಾರ ಮಾಡ್ದಂಗಿತ್ತು,” ಎಂದು ಅಕ್ಕ ನೆನೆಯುತ್ತಾರೆ.

ಹೀಗಿರುವಾಗ ಮಗಳಿಗೆ ಭಾನುವಾರದ ಪಾಠಶಾಲೆಯಲ್ಲಿ ತಪ್ಪದೆ ಹಾಜರಾದದ್ದಕ್ಕೆ ಒಂದು ಪುಸ್ತಕ ಬಹುಮಾನ ಬಂತು. ಮಂದೆ ಕಾಯುವ ಹುಡುಗಿಯೊಬ್ಬಳದೂ ಅವಳ ಮಾತೇ ಕೇಳದ ಮೇಕೆಯದೂ ಕಥೆ. ದಾರಿ ತಪ್ಪಿದ್ದನ್ನು ಹುಡುಕಿಕೊಂಡು ಬರುವ ಯೇಸುವಿನ ಪ್ರೀತಿಯನ್ನು ಮಕ್ಕಳಿಗೆ ಅರ್ಥವಾಗುವಂತೆ ಹೇಳುವ ಪುಸ್ತಕ. ಮಗು ಸಂಜೆ ಅಪ್ಪನ ಹಾಸಿಗೆ ಪಕ್ಕ ಕೂತು ಅಕ್ಷರ ಕೂಡಿಸಿ ಓದುತ್ತಿತ್ತು. ಕಷ್ಟದ ಮಾತು ಬಂದಾಗ ಅಮ್ಮನಿಗೆ ದಾಟಿಸುತ್ತಿತ್ತು. ಅಮ್ಮ ಓದಿದ್ದು ಐದನೇ ಕ್ಲಾಸು, ಅದೂ ಯಾವ ಕಾಲದಲ್ಲೋ. ಒಂದು ಸಂಜೆ ಪುಸ್ತಕದಲ್ಲಿ ‘ಮೇಕೆ ಬೆಟ್ಟ ಹತ್ತಿತು’ ಎಂದಿದ್ದುದನ್ನು ಅಕ್ಕ ಗಟ್ಟಿಯಾಗಿ, “ಮೇಕೆ ಬಟ್ಟೆ ಹತ್ತಿತು” ಎಂದು ಓದಿದರು. ಮಗು ಮುಖ ಮುಖ ನೋಡಿತು. ಅಕ್ಕ ಮತ್ತೂ ಗಟ್ಟಿಯಾಗಿ, “ಬಟ್ಟೆಯ ತುದಿಯಲ್ಲಿ ನಿಂತು ಕೂಗಿತು” ಎಂದು ಮುಂದುವರಿಸಿದರು.

ಗೋಡೆ ಕಡೆಯಿಂದ ಒಂದು ವಿಚಿತ್ರ ಸದ್ದು ಬಂತು. ಅಕ್ಕ ಹೆದರಿ ಎದ್ದರು. ನೋಡಿದರೆ ಯಜಮಾನರ ಹೆಗಲು ಅಲುಗುತ್ತಿದೆ. “ಬಟ್ಟೆ ಅಲ್ಲ ಕಣೇ, ಬೆಟ್ಟ! ಬೆಟ್ಟ!” ಎಂದು ಅವರು ನಗುತ್ತಿದ್ದರು. ನಕ್ಕರೆ ಬೆನ್ನು ನೋಯುತ್ತದೆ, ನೋವಿಗೆ ಕಣ್ಣಲ್ಲಿ ನೀರು, ನಗು ಮಾತ್ರ ನಿಲ್ಲದು. ಮಗಳು ಅಪ್ಪ ಅಳುತ್ತಿದ್ದಾರೋ ನಗುತ್ತಿದ್ದಾರೋ ತಿಳಿಯದೆ ತಾನೂ ಎರಡನ್ನೂ ಮಾಡಿದಳು. ಆ ಮನೆಯಲ್ಲಿ ಇವತ್ತಿಗೂ ಕಷ್ಟದ ಕೆಲಸಕ್ಕೆ ‘ಬಟ್ಟೆ ಹತ್ತೋದು’ ಎಂದೇ ಹೆಸರು.

ಅವತ್ತಿನಿಂದ ಯಜಮಾನರು ಈಚೆ ತಿರುಗಿ ಮಲಗಿದರು. “ದೇವರು ಇವರನ್ನ ಒಂದೇ ದಿನಕ್ಕೆ ಎಬ್ಬಿಸಲಿಲ್ಲ,” ಎನ್ನುತ್ತಾರೆ ಅಕ್ಕ. “ಪವಾಡ ಆಯ್ತು ಅಂತ ಬರ್ಕೋಬೇಡಿ. ದಿನಕ್ಕೊಂದು ಪುಟದ ಹಾಗೆ ಎಬ್ಬಿಸಿದ. ಆದ್ರೆ ಎಬ್ಬಿಸಿದ. ಅದನ್ನ ಬರ್ಕೊಳ್ಳಿ.”

ಮೇಕೆಯ ಕಥೆಯನ್ನು ಏಳು ಸಲ ಓದಿ ಮುಗಿಸಿದ ಮೇಲೆ ಮನೆಯಲ್ಲಿ ಬೇರೆ ಪುಸ್ತಕ ಬೇಕೆನಿಸಿತು. ಪುಸ್ತಕ ಕೊಳ್ಳುವ ಸ್ಥಿತಿ ಇರಲಿಲ್ಲ. ಚರ್ಚಿನ ಪಕ್ಕದ ಕೋಣೆಯಲ್ಲಿ ಗಾಜಿನ ಕಪಾಟೊಂದಿತ್ತು. ಅದರ ತುಂಬ ಪುಸ್ತಕಗಳಿದ್ದವು, ಮುಂದೆ ಹಿತ್ತಾಳೆಯ ಬೀಗವಿತ್ತು. ಕೀಲಿ ಸಭೆಯ ಕಾರ್ಯದರ್ಶಿಗಳ ಬಳಿ. ಅವರು ಹೆಡ್‌ಮಾಸ್ತರರಾಗಿ ನಿವೃತ್ತರಾದವರು, ಶಿಸ್ತಿನ ಮನುಷ್ಯ. ಅಕ್ಕ ಆರಾಧನೆ ಮುಗಿದ ಮೇಲೆ ಹೋಗಿ ಕೇಳಿದರು. “ಪುಸ್ತಕ ಕಳೆದುಹೋಗ್ತವಮ್ಮ” ಎಂದರು ಕಾರ್ಯದರ್ಶಿಗಳು. ಮುಂದಿನ ಭಾನುವಾರ ಕೇಳಿದರು. “ನಿಮ್ಮದು ಹಾಲಿನ ಕೈ, ಕಲೆ ಆಗುತ್ತೆ” ಎಂದರು. ಮೂರನೇ ಭಾನುವಾರ “ನೋಡೋಣ”, ನಾಲ್ಕನೇ ಭಾನುವಾರವೂ “ನೋಡೋಣ”.

ಐದನೆಯ ಭಾನುವಾರ ಸಭೆಯ ವಾರ್ಷಿಕ ಕೂಟ. ಕಾರ್ಯದರ್ಶಿಗಳು ಕನ್ನಡಕ ಏರಿಸಿಕೊಂಡು ವರದಿ ಓದಿದರು. ಛಾವಣಿ ರಿಪೇರಿ ಆಯಿತು, ಬೆಂಚುಗಳಿಗೆ ಬಣ್ಣ ಬಂತು. “ಗ್ರಂಥಾಲಯ: ಪುಸ್ತಕಗಳು ಮುನ್ನೂರ ಹನ್ನೆರಡು. ಎಲ್ಲವೂ ಸುರಕ್ಷಿತ.” ಹಿಂದಿನ ಸಾಲಿನಿಂದ ಅಕ್ಕ ಎದ್ದು ನಿಂತರು. ಆವರೆಗೆ ಅವರು ಆ ಕೂಟದಲ್ಲಿ ಬಾಯಿ ಬಿಟ್ಟವರೇ ಅಲ್ಲ.

“ಸರ್, ಎಷ್ಟು ಜನ ಓದಿದ್ರು?”

“ಅದನ್ನ ಬರೆದಿಟ್ಟಿಲ್ಲಮ್ಮ.”

“ಬರೆದಿಡೋಕೆ ಏನಾದ್ರೂ ಇತ್ತಾ ಸರ್?”

ಯಾರೋ ಕಿಸಕ್ಕನೆ ನಕ್ಕರು. ಕಾರ್ಯದರ್ಶಿಗಳ ಮುಖ ಕೆಂಪೇರಿತು. ಅಕ್ಕ ಮುಂದಿನ ಬೆಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರಂತೆ. ಆದರೂ ಕೂರಲಿಲ್ಲ. “ನಮ್ಮ ಮನೇಲಿ ಒಬ್ಬ ಮನುಷ್ಯ ಮಲಗಿದಾರೆ ಸರ್. ನೀವೆಲ್ಲ ಬಂದು ನಂಬಿಕೆಯಿಂದಿರು ಅಂದ್ರಿ. ಸರಿ. ಆ ನಂಬಿಕೆ ಬೆಳೆಸೋ ಪುಸ್ತಕಾನ ಇಲ್ಲಿ ಬೀಗ ಹಾಕಿಟ್ಟು, ಅಲ್ಲಿ ನಂಬು ಅಂದ್ರೆ ಹೇಗೆ?”

ಚರ್ಚಿನ ಪಾದ್ರಿಗಳಾದ ಸಭಾಪಾಲಕರು ತಮ್ಮ ಜಾಗದಿಂದ ಎದ್ದು ಬಂದು ಕಾರ್ಯದರ್ಶಿಗಳ ಮುಂದೆ ಸುಮ್ಮನೆ ಕೈ ಚಾಚಿದರು. ಕೀಲಿ ಬಂತು. ಜತೆಗೆ ಕರಾರೂ ಬಂತು: ಒಂದು ಸಲಕ್ಕೆ ಎರಡೇ ಪುಸ್ತಕ. “ಎರಡು ತೊಗೊಂಡೆ. ಮುಂದಿನ ವಾರ ಎರಡೂ ವಾಪಸ್ ಕೊಟ್ಟು ನಾಲ್ಕು ಕೇಳಿದೆ. ಅದರ ಮುಂದಿನ ವಾರ ಎಂಟು. ಕೀಲಿ ಕೊಡೋಕೆ ಬಂದೂ ಬಂದೂ ಅವರಿಗೇ ಸಾಕಾಗಿ, ನೀನೇ ಇಟ್ಕೋ ಅಂದ್ಬಿಟ್ರು.”

ಮನೆಯೊಳಗಿನ ಓದು ಮೆಟ್ಟಿಲು ಹತ್ತಿದ್ದು ಹೀಗೆ: ಮೂರನೇ ಕಟ್ಟಡದ ಕೊನೆಯ ಮಹಡಿಯಲ್ಲಿ ಶಾಲಾ ಬಸ್ಸು ಓಡಿಸುವವರ ಮನೆ. ಅವರ ಹೆಂಡತಿಗೆ ಕ್ಯಾನ್ಸರ್. ಔಷಧಿಗೆ ಕೂದಲೆಲ್ಲ ಉದುರಿ, ಆಕೆ ಬಾಗಿಲನ್ನು ಒಂದು ಗೇಣು ತೆರೆದು ಕೈಯಷ್ಟೇ ಹೊರಗೆ ಚಾಚಿ ಹಾಲು ತೆಗೆದುಕೊಳ್ಳುತ್ತಿದ್ದರು. ಒಂದು ದಿನ ಕೈ ಒಳಗೆ ಹೋಗಲಿಲ್ಲ. “ಅಕ್ಕ, ಚೀಲದಲ್ಲಿ ಏನದು?” ಎಂದು ಕೇಳಿತು ದನಿ. ವಾಪಸ್ ಮಾಡಲು ಒಯ್ಯುತ್ತಿದ್ದ ಪುಸ್ತಕದ ಮೂಲೆ ಚೀಲದಿಂದ ಇಣುಕುತ್ತಿತ್ತು. ಕಡಲ ನಡುವಿನ ದೀಪಸ್ತಂಭ ನೋಡಿಕೊಳ್ಳುವ ಒಂದು ಕುಟುಂಬದ ಕಾದಂಬರಿ. ಬಿರುಗಾಳಿ, ಹಡಗು, ಪ್ರಾರ್ಥನೆ, ಸೋಪಿಗಾಗಿ ಜಗಳ ಎಲ್ಲವೂ ಅದರಲ್ಲಿದೆ. ಅಕ್ಕ ಹಿಂದೆ ಮುಂದೆ ನೋಡದೆ ಕೊಟ್ಟುಬಿಟ್ಟರು. ಮರುದಿನ ಬಾಗಿಲು ಎರಡು ಗೇಣು ತೆರೆದಿತ್ತು. ವಾರ ಕಳೆಯುವಷ್ಟರಲ್ಲಿ ಪೂರ್ತಿ ತೆರೆದಿತ್ತು, ತಲೆಗೆ ಬಟ್ಟೆ ಕೂಡ ಕಟ್ಟಿಕೊಳ್ಳದೆ ಆಕೆ ಹೊಸ್ತಿಲಲ್ಲಿ ನಿಂತಿದ್ದರು.

ಆಕೆ ಉಳಿಯಲಿಲ್ಲ. ಎರಡನೇ ವರ್ಷ ತೀರಿಕೊಂಡರು. ಹದಿನೈದು ದಿನದ ಮೇಲೆ ಅಕ್ಕ ಹಾಲು ಹಾಕಲು ಆ ಬಾಗಿಲಿಗೆ ಹೋದಾಗ ಚಿಲಕದಲ್ಲಿ ಸಂಚಿ ಇತ್ತು. ಬಸ್ಸಿನ ಡ್ರೈವರು ಹೊರಗೆ ಬಂದು, “ನಿಲ್ಲಿಸ್ಬೇಡಿ ಅಕ್ಕ. ಊಟ ಆದ್ಮೇಲೆ ಅವಳೇ ಓದಿ ಹೇಳ್ತಿದ್ಲು. ಈಗ ನನ್ನ ಸರದಿ,” ಎಂದರು. ಆ ಮನೆಯಲ್ಲಿ ಈಗ ಡ್ರೈವರು, ಅವರ ತಾಯಿ, ಇಬ್ಬರು ಹೆಣ್ಣುಮಕ್ಕಳು ದಿನಾ ಒಂದು ಅಧ್ಯಾಯ ಓದುತ್ತಾರೆ. ದೀಪಸ್ತಂಭದ ಕಾದಂಬರಿಯನ್ನು ಮೂರನೇ ಸಲ ತರಿಸಿಕೊಂಡಿದ್ದಾರೆ. ಅದರಲ್ಲಿ ಬರುವ ಸಿಡುಕು ಅತ್ತೆಯ ಮಾತನ್ನು ಯಾರು ಓದಬೇಕು ಅನ್ನುವುದಕ್ಕೆ ದಿನಾ ರಂಪ. ಅಜ್ಜಿಯೇ ಓದಬೇಕೆಂದು ಮೊಮ್ಮಕ್ಕಳು, ನಾನೇನು ಸಿಡುಕಿಯಾ ಎಂದು ಅಜ್ಜಿ.

ಯಾವ ಪುಸ್ತಕ ಯಾರಿಗೆ ಎನ್ನುವುದನ್ನು ಅಕ್ಕ ಎಲ್ಲಿಯೂ ಬರೆದಿಡುವುದಿಲ್ಲ. ಎಲ್ಲ ತಲೆಯಲ್ಲೇ ಇದೆ. ಮೂರನೇ ಮಹಡಿ ಹಸಿರು ಬಾಗಿಲು: ಮೇಕೆ ಪುಸ್ತಕ. ನೆಲಮಹಡಿ, ಒಡೆದ ಗಂಟೆ: ಜೈಲಿನ ಅಡಿಗೆಯವನ ಪುಸ್ತಕ. ಹನ್ನೊಂದು ವರ್ಷದಲ್ಲಿ ಕಳೆದುಹೋದದ್ದು ಒಂಬತ್ತು, ಅದರಲ್ಲೂ ಎರಡನ್ನು ನಾಯಿ ತಿಂದದ್ದು. ಆದರೆ ಈ ಕೆಲಸದ ನಿಜವಾದ ಕಸುಬು ಕೊಡುವುದರಲ್ಲಿಲ್ಲ, ಕೊಡದಿರುವುದರಲ್ಲಿದೆ ಎನ್ನುತ್ತಾರೆ ಅವರು.

“ಒಂದು ಧ್ಯಾನದ ಪುಸ್ತಕ ಇದೆ. ಎಲ್ಲದಕ್ಕೂ ಕೃತಜ್ಞರಾಗಿರಿ, ಎಲ್ಲದಕ್ಕೂ ಕೃತಜ್ಞರಾಗಿರಿ, ಪುಟಪುಟಕ್ಕೂ ಅದೇ. ಇವರು ಮಲಗಿದ್ದಾಗ ಒಂದು ದಿನ ಅದನ್ನ ಓದ್ತಾ ಓದ್ತಾ ಸಿಟ್ಟು ನೆತ್ತಿಗೇರಿ ಗೋಡೆಗೆ ಎಸೆದಿದ್ದೆ. ಯಾವುದಕ್ಕೆ ಕೃತಜ್ಞತೆ? ಮೂಟೆಗಾ? ದೇವರ ಹತ್ರಾನೂ ಅವತ್ತು ಸರಿಯಾಗೇ ಜಗಳ ಆಡ್ದೆ. ಆಮೇಲೆ ಎದ್ದು ಎತ್ಕೊಂಡೆ. ಒಳ್ಳೇ ಪುಸ್ತಕಾನೇ ಅದು. ಆದ್ರೆ ಸಾವಾದ ಮನೆಗೆ ಒಂದು ವರ್ಷ ಅದನ್ನ ಕೊಡಲ್ಲ. ಕೇಳಿದ್ರೂ ಕೊಡಲ್ಲ. ಬೇರೆ ಯಾರೋ ಓದ್ತಿದಾರೆ ಅಂತ ಸುಳ್ಳು ಹೇಳ್ತೀನಿ. ಆ ಸುಳ್ಳಿಗೆ ನಾನೇ ಮೇಲೆ ಉತ್ತರ ಕೊಟ್ಕೋತೀನಿ.”

ನಾಲ್ಕನೇ ಕಟ್ಟಡದ ಎರಡನೇ ಮಹಡಿಯ ಟೈಲರ್ ಅಜ್ಜನಿಗೆ ದೇವರಲ್ಲಿ ನಂಬಿಕೆಯೇ ಇಲ್ಲ. ಆದರೂ ಅವರ ಬಾಗಿಲಲ್ಲಿ ವಾರಕ್ಕೆ ಎರಡು ಸಲ ಸಂಚಿ ನೇತಾಡುತ್ತದೆ. ವಾಪಸ್ ಬರುವ ಪ್ರತಿ ಪುಸ್ತಕದೊಳಗೂ ಅಳತೆ ಬರೆದುಕೊಳ್ಳುವ ಹಳೇ ಚೀಟಿಗಳಿರುತ್ತವೆ. ‘ನಲವತ್ತೊಂದನೇ ಪುಟ: ದೇವರಿದ್ದಿದ್ದರೆ ಈ ಅಡಿಗೆಯವನನ್ನು ಮಾಡದ ತಪ್ಪಿಗೆ ಜೈಲಿಗೆ ಯಾಕೆ ಕಳಿಸಿದ?’ ಅಕ್ಕ ಚೀಟಿಯನ್ನು ಮನೆಗೆ ಒಯ್ಯುತ್ತಾರೆ. ಯಜಮಾನರು ಉತ್ತರ ಬರೆಯುತ್ತಾರೆ: ‘ಅರವತ್ತನೇ ಪುಟದವರೆಗೆ ತಾಳ್ಮೆಯಿಂದ ಓದಿ.’ ಅದಕ್ಕೆ ಅಜ್ಜನ ಉತ್ತರ: ‘ಓದಿದೆ. ಒಪ್ಪಲಿಲ್ಲ. ಮುಂದಿನ ಭಾಗ ಇದ್ದರೆ ಕಳಿಸಿ.’ ನಾಲ್ಕು ವರ್ಷದಿಂದ ನಡೆದಿದೆ ಈ ವಾದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಲ್ಲ. ಒಬ್ಬರಿಗೆ ಬೆನ್ನು, ಇನ್ನೊಬ್ಬರಿಗೆ ಮಂಡಿ.

“ನಂಬಿಕೆ ಗಿಂಬಿಕೆ ನಂಗಿಲ್ಲ,” ಎಂದು ಅಜ್ಜ ಬಾಗಿಲಲ್ಲಿ ನಿಂತು ಘೋಷಿಸುತ್ತಾರೆ. “ಆದ್ರೆ ಪುಸ್ತಕ ಬರದೇ ಇದ್ರೆ ಜಗಳ ಆಡೋಕೆ ಯಾರಿದಾರೆ ಹೇಳಿ ಈ ಮನೇಲಿ?” ಅಜ್ಜನ ಮನಸ್ಸು ಬದಲಾಯಿಸುವ ಆಸೆ ಇದೆಯಾ ಎಂದು ಕೇಳಿದರೆ ಅಕ್ಕ ತಲೆಯಾಡಿಸುತ್ತಾರೆ. “ಅದು ನನ್ನ ಕೆಲಸ ಅಲ್ಲ. ನನ್ನ ಕೆಲಸ ಎರಡನೇ ಮಹಡಿವರೆಗೆ. ಅಲ್ಲಿಂದ ಮೇಲಿಂದು ಮೇಲಿರೋನಿಗೆ.”

ಯಜಮಾನರು ಈಗ ಕೋಲು ಹಿಡಿದು ಮನೆಯೊಳಗೆ ಓಡಾಡುತ್ತಾರೆ, ಭಾರ ಎತ್ತುವಂತಿಲ್ಲ. ಕಿಟಕಿ ಪಕ್ಕದ ಮೇಜಿನ ಮೇಲೆ ಅಂಟಿನ ಬಟ್ಟಲು, ದಪ್ಪ ಸೂಜಿ, ದಾರ, ರಟ್ಟಿನ ತುಂಡುಗಳು. ಕಿತ್ತುಬಂದ ಪುಟ ಹೊಲಿಯುವುದು, ಹರಿದ ರಟ್ಟಿಗೆ ಹಳೇ ಬಟ್ಟೆ ಅಂಟಿಸುವುದು ಅವರ ಕೆಲಸ. ರಿಪೇರಿಗೆ ಬಂದ ಪುಸ್ತಕವನ್ನು ಪೂರ್ತಿ ಓದದೆ ಅವರು ಕೆಳಗಿಡುವುದಿಲ್ಲ, ಹಾಗಾಗಿ ಕೆಲಸ ನಿಧಾನ. “ಒಂದು ಪುಟ ಅಂಟಿಸು ಅಂದ್ರೆ ಇನ್ನೂರು ಪುಟ ಓದ್ತಾರೆ,” ಎಂದು ಅಕ್ಕ ರೇಗುತ್ತಾರೆ. “ಓದದೆ ಹೊಲಿದ್ರೆ ತಲೆಕೆಳಗಾಗಿ ಹೊಲಿಯಲ್ವೇನೇ?” ಎನ್ನುತ್ತಾರೆ ಅವರು. ಒಂದು ಪುಸ್ತಕವನ್ನು ಹಾಗೆ ಹೊಲಿದದ್ದೂ ಉಂಟು, ಅದನ್ನು ಮಗಳು ಯಾರಿಗೂ ಕೊಡದೆ ಬಚ್ಚಿಟ್ಟಿದ್ದಾಳೆ. ಹದಿನೇಳರ ಮಗಳು ನರ್ಸಿಂಗ್ ಓದುವ ಯೋಚನೆಯಲ್ಲಿದ್ದಾಳೆ.

ಎಲ್ಲರಿಗೂ ಈ ಎರಡನೇ ಚೀಲ ಹಿಡಿಸಿತೆಂದಲ್ಲ. ಮೂರು ವರ್ಷದ ಹಿಂದೆ ಯಾರೋ ಒಬ್ಬರು ಹಾಲಿನ ಏಜೆಂಟರಿಗೆ ದೂರು ಹೇಳಿದರು: ಹಾಲಿನವಳು ಹಾಲು ಬಿಟ್ಟು ಪುಸ್ತಕ ಹಂಚುತ್ತಾಳೆ, ಹೊತ್ತು ವ್ಯರ್ಥ ಮಾಡುತ್ತಾಳೆ. ಏಜೆಂಟರು ಡಿಪೋದಲ್ಲಿ ಎಲ್ಲರ ಮುಂದೆಯೇ ತರಾಟೆಗೆ ತೆಗೆದುಕೊಂಡರು. “ಹಾಲು ಹಾಕೋರು ಹಾಲು ಹಾಕ್ಬೇಕು. ನಾಳೆಯಿಂದ ಆ ಚೀಲ ಕಾಣ್ಬಾರ್ದು.”

ಅಕ್ಕ ಗಾಡಿಗೆ ಕ್ರೇಟು ತುಂಬುವುದನ್ನು ನಿಲ್ಲಿಸಲೇ ಇಲ್ಲ. “ಹಾಲು ತಡ ಆಯ್ತು ಅಂತ ಒಬ್ರು ಬಂದು ಹೇಳ್ಲಿ ಸರ್, ಚೀಲ ಇಲ್ಲೇ ಬಿಚ್ಚಿಡ್ತೀನಿ.”

“ನಾನೇ ನೋಡ್ತೀನಿ.”

“ಬನ್ನಿ. ಒಳ್ಳೇ ಚಪ್ಪಲಿ ಹಾಕ್ಕೊಂಡು ಬನ್ನಿ.”

ಏಜೆಂಟರು ಬಂದೇ ಬಂದರು. ಕೈಗಡಿಯಾರ ನೋಡುತ್ತಾ ಮೂರು ದಿನ ಬೆನ್ನ ಹಿಂದೆ ನಡೆದರು. ಕೊನೆಯ ಪ್ಯಾಕೆಟ್ಟು ಏಳೂವರೆಯೊಳಗೆ ಬಾಗಿಲು ಸೇರಬೇಕೆಂಬುದು ಡಿಪೋದ ನಿಯಮ. ಮೊದಲ ದಿನ ಏಳು ಇಪ್ಪತ್ತು, ಎರಡನೇ ದಿನ ಏಳು ಹದಿನೆಂಟು. ಮೂರನೇ ದಿನ ಐದನೇ ಕಟ್ಟಡದ ಮೂರನೇ ಮಹಡಿಯಲ್ಲಿ ಏಜೆಂಟರು ಗೋಡೆಗೆ ಒರಗಿ ಏದುಸಿರು ಬಿಡುತ್ತಾ ಕೂತುಬಿಟ್ಟರು. ಅಕ್ಕ ಮೇಲಿನ ಮಹಡಿ ಮುಗಿಸಿ ಇಳಿದು ಬಂದು, ಪಕ್ಕದ ಮನೆಯಿಂದ ನೀರು ತರಿಸಿ ಕೊಟ್ಟು, “ನೀವು ಇಲ್ಲೇ ಸುಧಾರಿಸ್ಕೊಳ್ಳಿ ಸರ್, ನಂಗೆ ತಡ ಆಗುತ್ತೆ” ಎಂದು ಹೊರಟರಂತೆ.

ಕಥೆಯಾಗಿದ್ದರೆ ಏಜೆಂಟರು ಅಲ್ಲೇ ಮನಸ್ಸು ಕರಗಿ ಒಂದು ಪುಸ್ತಕ ಕೇಳಬೇಕಿತ್ತು. ಹಾಗಾಗಲಿಲ್ಲ. ಮುಂದಿನ ಸೋಮವಾರ ಅವರು ಆರು ಕಟ್ಟಡಗಳ ಜತೆಗೆ ಅಕ್ಕನ ಪಾಲಿಗಿದ್ದ ಒಂದು ಇಡೀ ಬೀದಿಯನ್ನು ತೆಗೆದು ಬೇರೆಯವರಿಗೆ ಕೊಟ್ಟರು. ಇಪ್ಪತ್ತೇಳು ಮನೆ. ಕಾರಣ ಹೇಳಲಿಲ್ಲ. ತಿಂಗಳ ಸಂಪಾದನೆಯಲ್ಲಿ ದೊಡ್ಡ ತೂತು ಬಿತ್ತು. ಚೀಲ ಬಿಟ್ಟರೆ ಬೀದಿ ವಾಪಸ್ ಬರುತ್ತದೆ ಎಂದು ಹಿತೈಷಿಗಳು ಕಿವಿಯಲ್ಲಿ ಹೇಳಿದರು. ಮನೆಯಲ್ಲಿ ಅವತ್ತು ಮೂವರೂ ಕೂತು ಮಾತಾಡಿದರು. ಯಜಮಾನರು, “ನೀನು ಹೇಗಂದ್ರೆ ಹಾಗೆ” ಎಂದರು. ಮಗಳು, “ಬಿಟ್ರೆ ನಾನು ಮಾತಾಡ್ಸಲ್ಲ” ಎಂದಳು.

ಅಕ್ಕ ಬಿಡಲಿಲ್ಲ. ಆ ಬೀದಿಯ ಹದಿನಾಲ್ಕು ಮನೆಗಳಲ್ಲಿ ಓದುವವರಿದ್ದರು. ಮರುದಿನದಿಂದಲೇ, ಬೇರೆ ಎಲ್ಲ ಮನೆಗಳ ಹಾಲು ಮುಗಿಸಿ ಗಾಡಿಯನ್ನು ಡಿಪೋದಲ್ಲಿ ಬಿಟ್ಟು, ಬರೀ ಬಲಹೆಗಲ ಚೀಲ ಹಾಕಿಕೊಂಡು ಆ ಬೀದಿಗೆ ನಡೆದರು. ಈಗಲೂ ನಡೆಯುತ್ತಾರೆ. ಹೋಗಿ ಬರಲು ಮುಕ್ಕಾಲು ಗಂಟೆ, ಅದಕ್ಕೆ ಬಿಡಿಗಾಸೂ ಹುಟ್ಟುವುದಿಲ್ಲ. “ಅವರು ಹಾಲು ಕಿತ್ಕೊಂಡ್ರು. ಬಾಗಿಲು ಕಿತ್ಕೊಳ್ಳೋಕಾಗಲ್ಲವಲ್ಲ,” ಎನ್ನುವಾಗ ಅಕ್ಕನ ದನಿಯಲ್ಲಿ ಕಹಿ ಇಲ್ಲ, ಆದರೆ ಸೋತ ದನಿಯೂ ಅದಲ್ಲ. ಆ ಬೀದಿಗೆ ಈಗ ಹಾಲು ಹಾಕುವವರ ಹೆಂಡತಿಯೂ ಕಳೆದ ವರ್ಷದಿಂದ ಒಂದು ಸಂಚಿ ನೇತುಹಾಕುತ್ತಿದ್ದಾರೆ. ಅದನ್ನು ಏಜೆಂಟರಿಗೆ ಯಾರೂ ಹೇಳಿಲ್ಲ.

ಈಗಿನ ಕಾಲದಲ್ಲಿ ಯಾರು ಓದುತ್ತಾರೆ, ಎಲ್ಲ ಫೋನಿನಲ್ಲೇ ಇದೆಯಲ್ಲ ಎಂದು ಹೇಳುವವರಿಗೂ ಅಕ್ಕನ ಬಳಿ ಉತ್ತರ ಸಿದ್ಧವಿದೆ. “ನಮ್ಮ ಜನ ಓದಲ್ಲ ಅಂತ ಹೇಳೋರೆಲ್ಲ ಕೆಳಗೇ ನಿಂತು ಹೇಳೋರು. ಒಬ್ಬರಾದ್ರೂ ನಾಲ್ಕನೇ ಮಹಡಿ ಹತ್ತಿ ಕೇಳಿದಾರಾ? ಓದೋರು ಇದಾರೆ. ಕಾಲಿಲ್ಲದೋರು, ಹೊತ್ತಿಲ್ಲದೋರು, ಯಾರನ್ನ ಕೇಳ್ಬೇಕು ಅಂತ ಗೊತ್ತಿಲ್ಲದೋರು. ಅವರ ಹತ್ರ ಪುಸ್ತಕ ಹೋಗ್ಬೇಕು, ಅಷ್ಟೇ.”

ಹೋದ ತಿಂಗಳು ಹೊಸ ಸುದ್ದಿ ಬಂದಿದೆ. ಆರೂ ಕಟ್ಟಡಗಳ ಸಂಘದವರು ಸೇರಿ ನೆಲಮಹಡಿಯಲ್ಲಿ ಸ್ಟೀಲಿನ ಪೆಟ್ಟಿಗೆಗಳನ್ನು ಕೂರಿಸುತ್ತಿದ್ದಾರೆ. ಮನೆಗೊಂದು ಖಾನೆ. ಬರುವ ಒಂದನೇ ತಾರೀಖಿನಿಂದ ಹಾಲನ್ನು ಅದರಲ್ಲಿ ಇಟ್ಟರಾಯಿತು, ಬೇಕಾದವರು ಇಳಿದು ಬಂದು ಒಯ್ಯುತ್ತಾರೆ. ಡಿಪೋದಲ್ಲಿ ಹಾಲು ಹಾಕುವವರೆಲ್ಲ ಖುಷಿಯಾಗಿದ್ದಾರೆ. ಅಕ್ಕನ ಬಲಮಂಡಿ ಊದಿಕೊಂಡು ಎರಡು ವರ್ಷವಾಯಿತು. ಮೆಟ್ಟಿಲು ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿ ಹೇಳಿ ಸೋತಿದ್ದಾರೆ. ಸುದ್ದಿ ಕೇಳಿ ಯಜಮಾನರು, ಅಂತೂ ನಿನ್ನ ಮಂಡಿ ಬಚಾವಾಯಿತು ಎಂದರು.

ಪುಸ್ತಕವನ್ನೂ ಆ ಖಾನೆಯಲ್ಲೇ ಇಡಬಹುದಲ್ಲ ಎಂದು ಸಂಘದವರು ಒಳ್ಳೆಯ ಮನಸ್ಸಿನಿಂದಲೇ ಸೂಚಿಸಿದ್ದಾರೆ. ಅಕ್ಕ ಕಡ್ಡಿ ಮುರಿದಂತೆ ಬೇಡ ಎಂದಿದ್ದಾರೆ. “ಹಾಲು ಯಾರು ತಂದಿಟ್ರು ಅಂತ ಯಾರಿಗೆ ಬೇಕು? ಪುಸ್ತಕ ಹಾಗಲ್ಲ. ಇದನ್ನ ಓದಿ, ಇದು ಈಗ ಬೇಡ, ಹೋದ್ಸಲದ್ದು ಹೇಗಿತ್ತು ಅಂತ ಕೇಳೋಕೆ ಬಾಗಿಲಲ್ಲಿ ಒಂದು ಮುಖ ಇರ್ಬೇಕು. ಕೆಲವು ಮನೇಲಿ ದಿನಕ್ಕೆ ಬರೋ ಮುಖ ಅದೊಂದೇ.”

ಹಾಗಾದರೆ ಒಂದನೇ ತಾರೀಖಿನಿಂದ ಏನು ಮಾಡುತ್ತೀರಿ ಎಂದು ಕೇಳಿದಾಗ ಅಕ್ಕ ಆರನೇ ಕಟ್ಟಡದ ಕೆಳಗೆ, ಇನ್ನೂ ಪ್ಲಾಸ್ಟಿಕ್ ಹೊದಿಕೆ ಬಿಚ್ಚಿರದ ಹೊಳೆಯುವ ಪೆಟ್ಟಿಗೆಗಳ ಮುಂದೆ ನಿಂತಿದ್ದಾರೆ. ಅವುಗಳ ಖಾನೆಯೊಂದನ್ನು ತೆರೆದು, ಬಾಗಿಲು ಗಟ್ಟಿಯಾಗಿದೆಯೇ ಎಂದು ಬೆರಳಲ್ಲಿ ಬಡಿದು ನೋಡುತ್ತಾರೆ. ಗಟ್ಟಿಯಾಗಿದೆ. ಒಣ ಟವೆಲಿನಲ್ಲಿ ಕೈ ಒರೆಸಿಕೊಂಡು, ಊದಿದ ಮಂಡಿಯನ್ನು ಒಮ್ಮೆ ನೀವಿ, ಮೊದಲ ಮೆಟ್ಟಿಲ ಮೇಲೆ ಕಾಲಿಡುತ್ತಾರೆ.

“ಹಾಲು ಕೆಳಗೇ ಇರ್ಲಿ. ನಾನು ಹತ್ತೀನಿ.”